ಗಡಿ ದಾಟಿ ಗುಡ್ಡಾಪುರಕ್ಕೆ

ಕಾರ್ತಿಕ ಮಾಸದ ಛಟ್ಟಿ ಅಮಾವಾಸ್ಯೆ ಹತ್ತಿರ ಬಂತೆಂದರೆ ವಿಜಯಪುರದಿಂದ ತಿಕೋಟಾ ಕಡೆಗಿನ ರಸ್ತೆಗೆ ರಾತ್ರಿಯೂ ನಿದ್ದೆಯಿಲ್ಲ. ಹೆಗಲಿಗೊಂದು ಚೀಲ, ಕೈಯಲ್ಲಿ ಬ್ಯಾಟರಿ, ಬಾಯಲ್ಲಿ ದಾನಮ್ಮದೇವಿಯ ಹೆಸರು. ಓಣಿಯವರು, ಗೆಳೆಯರು, ಅಕ್ಕತಂಗಿಯರು ಗುಂಪುಗುಂಪಾಗಿ ನಡೆಯುತ್ತಾರೆ.

ಅವರು ಹೊರಟಿರುವುದು ಗುಡ್ಡಾಪುರದ ದಾನಮ್ಮನ ಗುಡಿಗೆ, ಅಮಾವಾಸ್ಯೆಯ ಜಾತ್ರೆಗೆ. ಊರು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನದು, ಆದರೆ ಗುಡಿಯ ಸುತ್ತ ಕಿವಿಗೆ ಬೀಳುವುದು ಹೆಚ್ಚಾಗಿ ಕನ್ನಡವೇ.

ದಾನಮ್ಮ 12ನೇ ಶತಮಾನದ ಶರಣೆ. ಹುಟ್ಟೂರು ಇದೇ ತಾಲ್ಲೂಕಿನ ಉಮರಾಣಿ, ಮೊದಲ ಹೆಸರು ಲಿಂಗಮ್ಮ. ಕಲ್ಯಾಣದಲ್ಲಿ ಆಕೆಯ ದಾನಗುಣ ಕಂಡು ಬಸವಣ್ಣನವರೇ ಹೊಸ ಹೆಸರಿಟ್ಟರು ಎಂಬುದು ಭಕ್ತರ ನಂಬಿಕೆ. ಆ ಗುಣ ಇಂದಿಗೂ ಈ ಹಾದಿಯಲ್ಲಿದೆ: ಹಳ್ಳಿಹಳ್ಳಿಯಲ್ಲಿ ಪೆಂಡಾಲು ಹಾಕಿ ಜನ ಕೈಹಿಡಿದು ಕರೆಯುತ್ತಾರೆ. ಬಿಸಿ ಉಪ್ಪಿಟ್ಟು, ಚಹಾ, ಬಾಳೆಹಣ್ಣು. ಬೊಬ್ಬೆ ಎದ್ದ ಪಾದಕ್ಕೆ ಮುಲಾಮು ಹಚ್ಚುವವರೂ ಇದ್ದಾರೆ. ಈ ಯಾತ್ರೆಯ ನಿಜವಾದ ಸಿರಿ ಅವರೇ.

ಜಾತ್ರೆಯ ನೂಕುನುಗ್ಗಲು ಬೇಡವೆನ್ನುವ ತಂಡ ಅಮಾವಾಸ್ಯೆ ಬಿಟ್ಟು ಬೇರೆ ಯಾವುದಾದರೂ ಶನಿವಾರ ನಸುಕಿನಲ್ಲೇ ಹೊರಡಲಿ. ದೂರ 50 ಕಿಲೋಮೀಟರಿನ ಆಸುಪಾಸು. ನಡುವೆ ರಾತ್ರಿ ತಂಗಿದರೂ ಭಾನುವಾರ ಗುಡಿ ಮುಟ್ಟಬಹುದು. ಇದು ಬಯಲುಸೀಮೆ, ನೆರಳು ಕಡಿಮೆ, ನೀರು ಜೊತೆಗಿರಲಿ. ಹೊಸ ಚಪ್ಪಲಿ ಮಾತ್ರ ಬೇಡವೇ ಬೇಡ.

ಇನ್ನೊಂದು ಎಚ್ಚರ. ಕಾರ್ತಿಕ ಕಬ್ಬು ನುರಿಸುವ ಕಾಲವೂ ಹೌದು. ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರುಗಳು ಕತ್ತಲಲ್ಲಿ ಕಾಣುವುದಿಲ್ಲ. ರಸ್ತೆಯ ಬಲಬದಿಯಲ್ಲಿ, ಎದುರಿನ ವಾಹನ ಕಾಣುವಂತೆ ಸಾಲಾಗಿ ನಡೆಯಬೇಕು. ಚೀಲಕ್ಕೆ ಮಿಂಚುವ ಪಟ್ಟಿ ಅಂಟಿಸಿಕೊಳ್ಳಬೇಕು.

ಜಾತ್ರೆಗೆ ಬಂದವರು ಮರಳುವಾಗ ನಡೆಯಬೇಕಿಲ್ಲ. ಅಮಾವಾಸ್ಯೆಗೆ ವಿಜಯಪುರ ಮತ್ತು ಗುಡ್ಡಾಪುರದ ನಡುವೆ ವಿಶೇಷ ಬಸ್ಸುಗಳು ಓಡುತ್ತವೆ.