ಬ್ರಾಮ್ಸ್ ಕಾನ್ಸರ್ಟೊ: ಸ್ವರಲಿಪಿ ಒಂದೇ, ನುಡಿಸುವ ಬಗೆ ಹಲವು

ಸ್ವರಗಳೆಲ್ಲ ಕಾಗದದ ಮೇಲೆ ಬರೆದಿರುವಾಗ ಪಿಯಾನೋ ವಾದಕರೆಲ್ಲರೂ ಒಂದೇ ರೀತಿ ನುಡಿಸಬೇಕಲ್ಲವೇ? ಪಾಶ್ಚಾತ್ಯ ಸಂಗೀತ ಕೇಳುವ ಹಲವರಿಗೆ ಈ ಪ್ರಶ್ನೆ ಮೂಡುವುದು ಸಹಜ. 1962ರ ಏಪ್ರಿಲ್ 6ರಂದು ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ನಡೆದ ಘಟನೆ ಇದಕ್ಕೆ ಉತ್ತರ ನೀಡುತ್ತದೆ.

ಅಂದು ಕೆನಡಾದ ಗ್ಲೆನ್ ಗೂಲ್ಡ್, ಜರ್ಮನಿಯ ಯೊಹಾನೆಸ್ ಬ್ರಾಮ್ಸ್ ರಚಿಸಿದ ಮೊದಲ ಪಿಯಾನೋ ಕಾನ್ಸರ್ಟೊ ನುಡಿಸುವವರಿದ್ದರು. ಒಬ್ಬ ವಾದಕ ಇಡೀ ವಾದ್ಯವೃಂದದೊಡನೆ ಸಂವಾದ ನಡೆಸುವ ರಚನೆಯೇ ಕಾನ್ಸರ್ಟೊ. ಸಂಗೀತ ಆರಂಭವಾಗುವ ಮುನ್ನ ನಿರ್ದೇಶಕ ಲಿಯೊನಾರ್ಡ್ ಬರ್ನ್‌ಸ್ಟೈನ್ ಸಭಿಕರತ್ತ ತಿರುಗಿ, ಗೂಲ್ಡ್ ಆಯ್ದುಕೊಂಡ ನಿಧಾನ ಗತಿಯನ್ನು ತಾವು ಪೂರ್ತಿಯಾಗಿ ಒಪ್ಪುವುದಿಲ್ಲ ಎಂದು ಹೇಳಿಬಿಟ್ಟರು! ಕಾನ್ಸರ್ಟೊದಲ್ಲಿ ಯಜಮಾನ ಯಾರು, ವಾದಕನೋ ನಿರ್ದೇಶಕನೋ ಎಂದೂ ಕೇಳಿದರು. ಆದರೂ ಗೂಲ್ಡ್ ಗಂಭೀರ ಕಲಾವಿದರಾದ್ದರಿಂದ ಅವರ ಹೊಸ ನೋಟವನ್ನು ಕೇಳಬೇಕು ಎಂದು ತಿಳಿಸಿ, ತಾವೇ ಮುಂದೆ ನಿಂತು ನಡೆಸಿಕೊಟ್ಟರು. ಕಾನ್ಸರ್ಟೊ ಸುಮಾರು 53 ನಿಮಿಷ ಸಾಗಿತು. ಪತ್ರಿಕಾ ವಿಮರ್ಶಕರು ಟೀಕಿಸಿದರು.

ಈ ಭಿನ್ನತೆಗೆ ಕಾರಣವೇನು? ಮೊದಲ ಭಾಗಕ್ಕೆ ಬ್ರಾಮ್ಸ್ ಕೊಟ್ಟ ಸೂಚನೆ 'ಮಾಯೆಸ್ತೋಸೊ', ಅಂದರೆ 'ಗಾಂಭೀರ್ಯದಿಂದ'. ಈ ಪದ ಭಾವವನ್ನು ತಿಳಿಸುತ್ತದೆ, ವೇಗವನ್ನು ನಿಖರವಾಗಿ ಹೇಳುವುದಿಲ್ಲ. ಬಹಳಷ್ಟು ವಾದಕರು ಗುಡುಗಿನಂತಹ ಆರಂಭವನ್ನು ರಭಸದಿಂದ ನಡೆಸಿ, ಪಿಯಾನೋ ಒಂಟಿಯಾಗಿ ನುಡಿಸುವ ಶಾಂತವಾದ ಎರಡನೇ ರಾಗಭಾಗ ಬಂದಾಗ ನಿಧಾನಿಸುತ್ತಾರೆ. ಗೂಲ್ಡ್ ಈ ಏರಿಳಿತವನ್ನು ತಗ್ಗಿಸಿ, ಎಲ್ಲವನ್ನೂ ಒಂದೇ ನಡಿಗೆಯಲ್ಲಿ ಪೋಣಿಸಲು ಬಯಸಿದರು.

ನಿರ್ದೇಶಕ ಒಬ್ಬರೇ ಆದರೂ ವಾದಕ ಬದಲಾದರೆ ಸಂಗೀತ ಬದಲಾಗುತ್ತದೆ. ಜಾರ್ಜ್ ಸೆಲ್ ನಿರ್ದೇಶನದಲ್ಲಿ 1958ರಲ್ಲಿ ಲಿಯೋನ್ ಫ್ಲೈಷರ್ ಮಾಡಿದ ಧ್ವನಿಮುದ್ರಣದಲ್ಲಿ ಯೌವನದ ಬಿಸಿಯಿದೆ. ಅದೇ ಸೆಲ್ ಜೊತೆ 1962ರಲ್ಲಿ ಕ್ಲಿಫರ್ಡ್ ಕರ್ಜನ್ ನುಡಿಸಿದಾಗ ಶಾಂತ ಭಾಗಗಳಲ್ಲಿ ಅಂತರ್ಮುಖತೆ ಹೆಚ್ಚು.

ಎರಡನೇ ಭಾಗದ ಹಸ್ತಪ್ರತಿಯಲ್ಲಿ ಬ್ರಾಮ್ಸ್, ಬಲಿಪೂಜೆಯ 'ಬೆನೆದಿಕ್ತುಸ್' ಪ್ರಾರ್ಥನೆಯ ಲ್ಯಾಟಿನ್ ಮಾತುಗಳನ್ನು ಬರೆದಿದ್ದರು. 1856ರಲ್ಲಿ ತೀರಿಕೊಂಡ ಗುರುಸಮಾನ ರಾಬರ್ಟ್ ಶೂಮನ್ ಅವರ ಸ್ಮರಣೆ ಇದೆಂದು ಕೆಲವರು ಹೇಳುತ್ತಾರೆ. ಶೂಮನ್‌ರ ಪತ್ನಿ ಕ್ಲಾರಾರಿಗೆ ಬರೆದ ಪತ್ರದಲ್ಲಾದರೋ, ಇದು ಆಕೆಯ ಸೌಮ್ಯ ಚಿತ್ರ ಎಂಬರ್ಥದ ಮಾತನ್ನು ಬ್ರಾಮ್ಸ್ ಬರೆದಿದ್ದರು. ಶೋಕಗೀತೆಯೆಂದು ನಂಬಿದವರ ಬೆರಳು ಒಂದು ಬಗೆ, ಪ್ರೀತಿಯ ಚಿತ್ರವೆಂದು ನಂಬಿದವರ ಬೆರಳು ಇನ್ನೊಂದು ಬಗೆ.

1859ರ ಜನವರಿ 27ರಂದು ಲೈಪ್‌ಝಿಗ್‌ನಲ್ಲಿ 25ರ ಹರೆಯದ ಬ್ರಾಮ್ಸ್ ಸ್ವತಃ ಇದನ್ನು ನುಡಿಸಿದಾಗ ಸಭಿಕರು 'ಹಿಸ್' ಎಂದು ಮೂದಲಿಸಿದ್ದರು. ಇಂದು ಅದು ಜಗತ್ತಿನ ಅಚ್ಚುಮೆಚ್ಚಿನ ಕಾನ್ಸರ್ಟೊಗಳಲ್ಲೊಂದು. ಟೀಕೆಗೊಳಗಾದ ಗೂಲ್ಡ್‌ರ ನುಡಿಸಾಣಿಕೆಯೂ 1998ರಲ್ಲಿ ಸಿ.ಡಿ.ಯಾಗಿ ಹೊರಬಂತು. ವಿಶೇಷವೆಂದರೆ, 1983ರಲ್ಲಿ ಕ್ರಿಸ್ಟಿಯನ್ ಝಿಮರ್ಮನ್ ಜೊತೆ ಇದೇ ಕೃತಿಯನ್ನು ಧ್ವನಿಮುದ್ರಿಸಿದಾಗ ಬರ್ನ್‌ಸ್ಟೈನ್ ತಾವೂ ಹೆಚ್ಚುಕಡಿಮೆ ಅಷ್ಟೇ ಸಮಯ ತೆಗೆದುಕೊಂಡರು.

ಭಿನ್ನಾಭಿಪ್ರಾಯವನ್ನು ಮುಚ್ಚಿಡದೆ, ಜೊತೆಗಾರನನ್ನು ಕೈಬಿಡದೆ ಇಬ್ಬರೂ ಕೊನೆಯ ಸ್ವರದವರೆಗೆ ಸಾಗಿದ್ದೇ ಆ ಸಂಜೆಯ ಹಿರಿಮೆ. ಆಸಕ್ತರು ಮೊದಲು ಫ್ಲೈಷರ್, ಬಳಿಕ ಗೂಲ್ಡ್ ನುಡಿಸಿದ್ದನ್ನು ಕೇಳಿ ನೋಡಿ. ಯಾವುದು ಸರಿ ಎನ್ನುವುದಕ್ಕಿಂತ, ಒಂದರಲ್ಲಿ ಕೇಳಿಸದ್ದು ಇನ್ನೊಂದರಲ್ಲಿ ಏನು ಕೇಳಿಸಿತು ಎಂಬುದೇ ಮುಖ್ಯ.