ಮದುವೆಯಿಲ್ಲದ ಮನೆತನ

ಮದುವೆಯ ಚಪ್ಪರದ ಕಂಬಗಳಿಗೆ ಗೊನೆಸಹಿತವಾದ ಬಾಳೆಯ ಗಿಡಗಳನ್ನು ಕಟ್ಟುವುದು ಕನ್ನಡನಾಡಿನಲ್ಲಿ ಅನೂಚಾನವಾಗಿ ನಡೆದುಬಂದ ಪದ್ಧತಿ. ವಧೂವರರ ವಂಶವೂ ಬಾಳೆಯಂತೆ ಬೆಳೆಯಲಿ ಎಂಬುದು ಹಿರಿಯರ ಹಾರೈಕೆ. ಆದರೆ ಮದುವೆಯ ಮನೆಗೆ ಶೋಭೆ ತರುವ ಈ ಗಿಡಕ್ಕೆ ಮದುವೆಯೆಂಬುದೇ ಇಲ್ಲ!

ಬಾಳೆಯ ಹಣ್ಣನ್ನು ಸುಲಿದು ಉದ್ದಕ್ಕೆ ಸೀಳಿದರೆ ನಡುವೆ ಸಣ್ಣ ಕರಿಯ ಚುಕ್ಕೆಗಳು ಕಾಣುತ್ತವೆ. ಅವು ಬೀಜಗಳಾಗಬೇಕಾಗಿದ್ದು ಆಗದೆ ಉಳಿದವುಗಳ ಗುರುತು. ಕಾಡುಬಾಳೆಯ ಹಣ್ಣಿನಲ್ಲಾದರೋ ಕಲ್ಲಿನಂತಹ ಬೀಜಗಳು ಕಿಕ್ಕಿರಿದಿರುತ್ತವೆ. ತಿನ್ನಹೋದವನ ಹಲ್ಲಿಗೆ ಅಪಾಯ. ಸಾವಿರಾರು ವರ್ಷಗಳ ಹಿಂದೆ ಆಗ್ನೇಯ ಏಷ್ಯ ಮತ್ತು ನ್ಯೂಗಿನಿಯ ಜನರು ಬೀಜ ಕಡಿಮೆಯಾಗಿ ತಿರುಳು ಹೆಚ್ಚಾಗಿದ್ದ ಗಿಡಗಳನ್ನೇ ಆರಿಸಿ ಬೆಳೆಸಿದರು. ಇಂದು ಅಂಗಡಿಗೆ ಬರುವ ಬಹುತೇಕ ಬಾಳೆಗಳ ಜೀವಕೋಶಗಳಲ್ಲಿ ವರ್ಣತಂತುಗಳು ಎರಡು ಕಟ್ಟುಗಳಲ್ಲ, ಮೂರು ಕಟ್ಟುಗಳು. ಒಂದೊಂದು ಕಟ್ಟಿನಲ್ಲಿ 11ರಂತೆ ಒಟ್ಟು 33. ಪರಾಗವೂ ಅಂಡವೂ ಹುಟ್ಟಬೇಕಾದರೆ ಈ ತಂತುಗಳು ಸರಿಪಾಲಾಗಬೇಕು. ಮೂರು ಕಟ್ಟುಗಳನ್ನು ಇಬ್ಬರಿಗೆ ಸಮವಾಗಿ ಹಂಚುವುದು ಹೇಗೆ? ಹೀಗಾಗಿ ಬಾಳೆ ಹೂ ಬಿಡುತ್ತದೆ, ಕಾಯಾಗುತ್ತದೆ. ಬೀಜ ಮಾತ್ರ ಕಟ್ಟುವುದಿಲ್ಲ.

ಹಾಗಾದರೆ ಬಾಳೆಯ ವಂಶ ಮುಂದುವರಿಯುವ ಬಗೆ ಯಾವುದು? ಬಾಳೆಯ ನಿಜವಾದ ಕಾಂಡವಿರುವುದು ಮಣ್ಣಿನೊಳಗಿನ ಗೆಡ್ಡೆಯಲ್ಲಿ. ಆ ಗೆಡ್ಡೆಯ ಪಕ್ಕದಿಂದ ಕಂದುಗಳು ಮೇಲೇಳುತ್ತವೆ. ಗೊನೆಯನ್ನು ಕೊಟ್ಟ ಗಿಡ ಸಾಯುತ್ತದೆ. ಕಂದು ತಾಯಿಯ ಸ್ಥಾನಕ್ಕೆ ಬರುತ್ತದೆ. ಇದೇ ನಿರ್ಲಿಂಗ ಸಂತಾನೋತ್ಪತ್ತಿ. ಜೊತೆಗಾರನನ್ನು ಹುಡುಕುವ ಕಷ್ಟವಿಲ್ಲ, ಜೇನ್ನೊಣದ ಹಂಗಿಲ್ಲ. ಅಪರೂಪಕ್ಕೊಮ್ಮೆ ಒದಗುವ ಮಾರ್ಪಾಟನ್ನು ಬಿಟ್ಟರೆ ಮಗಳು ತಾಯಿಯ ಪಡಿಯಚ್ಚು. ತಾಯಿಯ ರುಚಿ ಚೆನ್ನಾಗಿದ್ದರೆ ಮಗಳ ರುಚಿಯ ವಿಷಯದಲ್ಲಿ ರೈತನಿಗೆ ಸಂದೇಹವೇ ಬೇಡ.

ಇಷ್ಟು ಸುಲಭವಾದ ಹಾದಿಯಿರುವಾಗ ಪ್ರಕೃತಿ ಗಂಡುಹೆಣ್ಣುಗಳ ಗೊಡವೆಗೆ ಹೋದುದಾದರೂ ಏಕೆ? ಲೈಂಗಿಕ ಸಂತಾನೋತ್ಪತ್ತಿಯಲ್ಲಿ ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಗುಣವಾಹಕಗಳು ಬಂದು ಸೇರುತ್ತವೆ. ಪ್ರತಿಯೊಂದು ಮಗುವಿನಲ್ಲಿಯೂ ಅವುಗಳ ಕೂಟ ಬೇರೆ. ಒಂದೇ ಮನೆಯ ಅಣ್ಣತಂಗಿಯರ ಮುಖ ಒಂದೇ ಆಗಿರುವುದಿಲ್ಲ. ಒಬ್ಬನನ್ನು ಮಲಗಿಸಿದ ಜ್ವರ ಇನ್ನೊಬ್ಬಳನ್ನು ಮುಟ್ಟದೆಯೇ ಹೋಗುವುದೂ ಉಂಟು. ಈ ಭಿನ್ನತೆಯೇ ಕುಲಕ್ಕೆ ಕಾವಲು. ಶೀತದೇಶಗಳ ಅನೇಕ ಗಿಡಹೇನುಗಳು ಈ ಲೆಕ್ಕವನ್ನು ಚೆನ್ನಾಗಿ ಬಲ್ಲವುಗಳಂತೆ ನಡೆಯುತ್ತವೆ. ಬೇಸಗೆಯ ಸುಭಿಕ್ಷದಲ್ಲಿ ಹೆಣ್ಣುಹೇನುಗಳು ಗಂಡಿನ ನೆರವಿಲ್ಲದೆಯೇ ಮರಿಹಾಕುತ್ತವೆ. ಚಳಿಗಾಲ ಸಮೀಪಿಸಿದಾಗ ಗಂಡುಗಳೂ ಹುಟ್ಟಿ, ಕೂಡಿ, ಚಳಿಯನ್ನು ತಾಳುವ ಮೊಟ್ಟೆಗಳನ್ನು ಇಡಲಾಗುತ್ತದೆ.

ಬಾಳೆಗೆ ಈ ಎರಡನೆಯ ಹಾದಿ ಮುಚ್ಚಿಹೋಗಿದೆ. ಅದರ ಫಲವೇನೆಂಬುದನ್ನು ಮಧ್ಯ ಅಮೆರಿಕದ ತೋಟಗಳು ತೋರಿಸಿಕೊಟ್ಟವು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕ, ಯೂರೋಪುಗಳಿಗೆ ಹಡಗೇರಿ ಹೋಗುತ್ತಿದ್ದುದು ಮುಖ್ಯವಾಗಿ ಗ್ರೋ ಮಿಶೆಲ್ ಎಂಬ ಒಂದೇ ತಳಿ. ಮಣ್ಣಿನಲ್ಲಿ ಅಡಗಿರುವ ಫ್ಯುಸೇರಿಯಮ್ ಎಂಬ ಶಿಲೀಂಧ್ರ ಬೇರಿನ ಮೂಲಕ ಒಳಹೊಕ್ಕು, ನೀರು ಹರಿಯುವ ನಾಳಗಳನ್ನು ಕಟ್ಟಿ, ಗಿಡವನ್ನು ಒಣಗಿಸಿತು. ಒಂದು ಗಿಡಕ್ಕೆ ಬಂದ ಸಾವು ಎಲ್ಲ ಗಿಡಗಳಿಗೂ ಬಂದಿತು. ಏಕೆಂದರೆ ಎಲ್ಲವೂ ಒಂದೇ ಗಿಡ! ಪನಾಮ ರೋಗವೆಂದು ಹೆಸರಾದ ಈ ಪಿಡುಗಿಗೆ ಮಣಿದು, 1960ರ ದಶಕದ ಹೊತ್ತಿಗೆ ಗ್ರೋ ಮಿಶೆಲ್ ರಫ್ತಿನ ವ್ಯಾಪಾರದಿಂದ ಮರೆಯಾಯಿತು.

ಅದರ ಸ್ಥಾನಕ್ಕೆ ಬಂದದ್ದು ಕ್ಯಾವೆಂಡಿಷ್. 1830ರ ದಶಕದಲ್ಲಿ ಇಂಗ್ಲೆಂಡಿನ ಡ್ಯೂಕ್ ಒಬ್ಬನ ಗಾಜಿನ ಮನೆಯಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರ ಬೆಳೆಸಿ, ಒಡೆಯನ ಮನೆತನದ ಹೆಸರಿಟ್ಟ ಬಾಳೆಯಿದು. ಕನ್ನಡಿಗರ ಪಚ್ಚಬಾಳೆ ಇದೇ ಕುಲದ್ದು. ಹಳೆಯ ಶಿಲೀಂಧ್ರಕ್ಕೆ ಇದು ಬಗ್ಗಲಿಲ್ಲ. ಆದರೆ ಶಿಲೀಂಧ್ರದ ಹೊಸ ಬಣವೊಂದು ಕ್ಯಾವೆಂಡಿಷನ್ನೂ ಕೊಲ್ಲಬಲ್ಲುದು. ಏಷ್ಯದಿಂದ ಹರಡಿದ ಅದು 2019ರಲ್ಲಿ ಕೊಲಂಬಿಯದಲ್ಲಿ, 2021ರಲ್ಲಿ ಪೆರುವಿನಲ್ಲಿ ಕಾಣಿಸಿಕೊಂಡಿತು. ಬಿಹಾರ, ಉತ್ತರ ಪ್ರದೇಶಗಳನ್ನೂ ಬಿಟ್ಟಿಲ್ಲ.

ಇದೆಲ್ಲ ದೂರದ ಮಾತೆಂದು ಕನ್ನಡಿಗರು ಸುಮ್ಮನಿರುವಂತಿಲ್ಲ. ಕಪಿಲೆಯ ದಡದ ನಂಜನಗೂಡಿಗೆ ಶ್ರೀಕಂಠೇಶ್ವರನಷ್ಟೇ ಅಲ್ಲದೆ ರಸಬಾಳೆಯೂ ಹೆಸರು ತಂದುಕೊಟ್ಟಿದೆ. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಈ ಹಣ್ಣಿನ ತೋಟಗಳನ್ನು ಪನಾಮ ರೋಗವೇ ಕರಗಿಸಿತು. ಎಲೆ ಹಳದಿಯಾಗಿ ಜೋತುಬಿದ್ದ ಗಿಡದ ಕಂದನ್ನು ಬೇರೆಡೆ ನೆಟ್ಟರೆ ತಾಯಿಯ ರುಚಿಯೊಡನೆ ತಾಯಿಯ ರೋಗವೂ ಹೋಗುತ್ತದೆ. ಪ್ರಯೋಗಶಾಲೆಯಲ್ಲಿ ಅಂಗಾಂಶದಿಂದ ಬೆಳೆಸಿದ ಸಸಿ ರೋಗವಿಲ್ಲದ್ದೇನೋ ಹೌದು; ಆದರೆ ಅದೂ ಪಡಿಯಚ್ಚೇ. ಹತ್ತಾರು ವರ್ಷ ಮಣ್ಣಿನಲ್ಲಿ ಕಾದುಕುಳಿತಿರಬಲ್ಲ ಶಿಲೀಂಧ್ರಕ್ಕೆ ಅದು ಹೊಸ ತುತ್ತು.

ಪರಿಹಾರವನ್ನು ಅರಸಿದ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ತಂತ್ರಜ್ಞಾನ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಕಾಡುಬಾಳೆಯ ಒಂದು ಗುಣವಾಹಕವನ್ನು ಕ್ಯಾವೆಂಡಿಷಿಗೆ ಸೇರಿಸಿದರು. ಹೊಸ ಪಿಡುಗನ್ನು ಎದುರಿಸುವ ಈ ಗಿಡಕ್ಕೆ 2024ರಲ್ಲಿ ಅಲ್ಲಿ ಅನುಮತಿಯೂ ದೊರೆಯಿತು. ಬೀಜ ಹೆಚ್ಚೆಂದು ಮನುಷ್ಯ ಒಲ್ಲದೆ ಬಿಟ್ಟ ಬಾಳೆ ಕಾಡಿನ ಮೂಲೆಯಲ್ಲಿ ತನ್ನ ಪಾಡಿಗೆ ತಾನು ಪರಾಗ ಪಡೆದು, ಬೀಜ ಕಟ್ಟಿ, ತಲೆಮಾರಿನಿಂದ ತಲೆಮಾರಿಗೆ ಹೊಸ ಕೂಟಗಳನ್ನು ಹೂಡುತ್ತಲೇ ಇತ್ತು. ತೋಟದ ಬಾಳೆಗೆ ಬೇಕಾದ ಮದ್ದು ದೊರೆತದ್ದು ಅಲ್ಲಿ. ಕಾಡು ಅಳಿದರೆ ಆ ಮದ್ದಿನ ಭಂಡಾರವೂ ಅಳಿಯುತ್ತದೆ. ಮುಂದಿನ ಮದುವೆಯ ಚಪ್ಪರಕ್ಕೆ ಬಾಳೆಯನ್ನು ತರುವವರು ಕಲ್ಲುಬೀಜದ ಆ ಬಡ ನೆಂಟನನ್ನೂ ನೆನೆಯುವುದು ಯುಕ್ತ.