ಕೇಳುಗರ ತೀರ್ಪು: ‘ಸುವ್ಲಾಕಿ’ ಎಂಬ ಆಲ್ಬಮ್ಮಿನ ಕಥೆ

ಒಂದು ಕೃತಿಯನ್ನು ಕೇಳಿಯೋ ಓದಿಯೋ ಇಬ್ಬರು ಬೇರೆಬೇರೆ ಅಭಿಪ್ರಾಯ ತಳೆದರೆ, ‘ಅವರವರ ರುಚಿ’ ಎಂದು ಹೇಳಿ ನಾವು ಸುಮ್ಮನಾಗುವುದು ವಾಡಿಕೆ. ಮಾತು ಸುಳ್ಳಲ್ಲ. ಆದರೆ ಅದು ವಿಚಾರವನ್ನು ಆರಂಭಿಸಬೇಕಾದಲ್ಲಿ ಮುಗಿಸಿಬಿಡುತ್ತದೆ. ರುಚಿ ಭಿನ್ನವಾಗುವುದು ಏತರಿಂದ? ಇಪ್ಪತ್ತು ವರ್ಷಗಳ ತರುವಾಯ ಅದೇ ಕೃತಿಯ ವಿಷಯದಲ್ಲಿ ಅದೇ ದೇಶದ ಜನರ ಅಭಿಪ್ರಾಯ ತಲೆಕೆಳಗಾಗುವುದು ಹೇಗೆ? ಹಾಗಾದಾಗ ಮೊದಲಿನವರಿಗೆ ಕಿವಿಯೇ ಇರಲಿಲ್ಲವೆಂದು ತಿಳಿಯಬೇಕೆ? ಇಂತಹ ಪ್ರಶ್ನೆಗಳನ್ನು ಗಾಳಿಯಲ್ಲಿ ತೂಗುವುದಕ್ಕಿಂತ ಒಂದು ಉದಾಹರಣೆಯನ್ನು ಹಿಡಿದು ವಿಚಾರಿಸುವುದು ಲೇಸು. ನಾನು ಇಲ್ಲಿ ಆರಿಸಿಕೊಂಡಿರುವುದು ಇಂಗ್ಲೆಂಡಿನ ‘ಸ್ಲೋಡೈವ್’ ಎಂಬ ವಾದ್ಯವೃಂದದವರು ೧೯೯೩ರಲ್ಲಿ ಹೊರತಂದ ‘ಸುವ್ಲಾಕಿ’ ಎಂಬ ಆಲ್ಬಂ. ಅದು ‘ಡ್ರೀಮ್ ಪಾಪ್’ ಎಂಬ ಪ್ರಕಾರಕ್ಕೆ ಸೇರಿದುದು.

ಡ್ರೀಮ್ ಪಾಪ್ ಎಂದರೇನು? ಹೆಸರೇ ಹೇಳುವಂತೆ ಅದು ಕನಸಿನ ಸಂಗೀತ. ಈ ಹೆಸರನ್ನು ೧೯೮೦ರ ದಶಕದ ಕೊನೆಯಲ್ಲಿ ಲಂಡನ್ನಿನ ‘ಎ. ಆರ್. ಕೇನ್’ ಎಂಬ ಜೋಡಿಯ ಅಲೆಕ್ಸ್ ಅಯೂಲಿ ತಮ್ಮ ಸಂಗೀತವನ್ನು ಬಣ್ಣಿಸಲು ಬಳಸಿದರು. ವಿಮರ್ಶಕ ಸೈಮನ್ ರೆನಾಲ್ಡ್ಸ್ ಅದನ್ನು ಬಳಕೆಗೆ ತಂದರು. ಆದರೆ ಹೆಸರು ಹುಟ್ಟುವ ಮೊದಲೇ ಸಂಗೀತ ಹುಟ್ಟಿತ್ತು. ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್ ಎಂಬ ಕೈಗಾರಿಕಾ ಊರಿನಿಂದ ಬಂದ ‘ಕಾಕ್ಟೋ ಟ್ವಿನ್ಸ್’ ತಂಡದ ರಾಬಿನ್ ಗತ್ರಿಯವರ ಗಿಟಾರು, ಎಲಿಜಬೆತ್ ಫ್ರೇಸರ್ ಅವರ ಕಂಠ, ಇವೆರಡೂ ಸೇರಿ ಅದಕ್ಕೆ ದಾರಿ ಹಾಕಿದ್ದವು. ಫ್ರೇಸರ್ ಅವರು ಹಾಡುವ ಎಷ್ಟೋ ಮಾತುಗಳು ಯಾವ ಭಾಷೆಯವೆಂದೇ ತಿಳಿಯುವುದಿಲ್ಲ. ಆದರೂ ಅವರ ೧೯೯೦ರ ‘ಹೆವನ್ ಆರ್ ಲಾಸ್ ವೇಗಸ್’ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂದಿತು.

ಈ ಸಂಗೀತದ ರಚನೆಯನ್ನು ಸ್ವಲ್ಪ ತಿಳಿದುಕೊಳ್ಳದೆ ಅದರ ಬಗೆಗಿನ ಜಗಳ ಅರ್ಥವಾಗದು. ಖಾಲಿಯಾದ ದೊಡ್ಡ ಸಭಾಂಗಣದಲ್ಲಿ ನಿಂತು ಕೂಗಿದರೆ ನಮ್ಮ ದನಿ ಗೋಡೆಗಳಿಗೆ ತಾಗಿ, ಒಂದರ ಮೇಲೊಂದು ಬಿದ್ದು, ನಿಧಾನವಾಗಿ ಕರಗುತ್ತದೆಯಷ್ಟೆ. ಅದು ಅನುರಣನ. ಡ್ರೀಮ್ ಪಾಪ್ ಗಿಟಾರುವಾದಕನು ಈ ಸಭಾಂಗಣವನ್ನು ಯಂತ್ರದಿಂದ ಕಟ್ಟಿಕೊಳ್ಳುತ್ತಾನೆ. ತಂತಿಯ ನಾದ ವಿದ್ಯುತ್ ಸಂಕೇತವಾಗಿ ನೆಲದ ಮೇಲಿನ ಪೆಡಲುಗಳೆಂಬ ಚಿಕ್ಕ ಪೆಟ್ಟಿಗೆಗಳ ಮೂಲಕ ಹಾಯುತ್ತದೆ. ಒಂದು ಪೆಟ್ಟಿಗೆ ಅನುರಣನವನ್ನು ಸೇರಿಸುತ್ತದೆ. ಇನ್ನೊಂದು ನಾದವನ್ನು ತಡಮಾಡಿ ಮರುಕಳಿಸುತ್ತದೆ. ಮತ್ತೊಂದು ಅದನ್ನು ಬೇಕೆಂದೇ ಒರಟಾಗಿಸುತ್ತದೆ. ಇವೆಲ್ಲ ಕೂಡಿದಾಗ ತಂತಿ ಮೀಟಿದ ಆಘಾತ ಮರೆಯಾಗಿ, ಎಲ್ಲಿ ಆರಂಭ ಎಲ್ಲಿ ಅಂತ್ಯ ಎಂದು ತಿಳಿಯದ ಒಂದು ನಾದದ ಮಂಜು ಉಳಿಯುತ್ತದೆ. ವಾದಕರು ಸದಾ ತಲೆತಗ್ಗಿಸಿ ಪೆಡಲುಗಳನ್ನು ನೋಡುತ್ತಿದ್ದುದರಿಂದ ಪತ್ರಿಕೆಯವರು ಇವರಲ್ಲಿ ಹಲವರಿಗೆ ‘ಷೂಗೇಜರ್ಸ್’, ಎಂದರೆ ತಮ್ಮ ಬೂಟನ್ನೇ ನೋಡುವವರು, ಎಂದು ಅಡ್ಡಹೆಸರಿಟ್ಟರು. ಹಾಸ್ಯಕ್ಕೆ ಇಟ್ಟ ಹೆಸರು ಪ್ರಕಾರದ ಹೆಸರಾಗಿಯೇ ನಿಂತಿತು.

ಕಂಠಕ್ಕೂ ಇದೇ ಗತಿ. ಮಾತು ನಮಗೆ ಅರ್ಥವಾಗುವುದು ಬಹುಮಟ್ಟಿಗೆ ವ್ಯಂಜನಗಳಿಂದ. ಅವು ಕ್ಷಣಿಕ, ಕ್ಷೀಣ. ಸ್ವರಗಳು ದೀರ್ಘ, ಬಲಿಷ್ಠ. ಅನುರಣನ ಹೆಚ್ಚಿದಂತೆ ಹಿಂದಿನ ಸ್ವರದ ಬಾಲ ಮುಂದಿನ ವ್ಯಂಜನವನ್ನು ಮುಚ್ಚಿಬಿಡುತ್ತದೆ. ಆದುದರಿಂದ ಇಲ್ಲಿ ಹಾಡುಗಾರರು ಪದವನ್ನು ನುಂಗಿದರೆಂದು ಕೇಳಿಸುವುದು ಅವರ ಅಶಕ್ತಿಯಿಂದಲ್ಲ. ಕಂಠವನ್ನು ವಾದ್ಯಗಳ ಮೇಲೆ ನಿಲ್ಲಿಸದೆ ವಾದ್ಯಗಳ ನಡುವೆ ಇನ್ನೊಂದು ವಾದ್ಯವಾಗಿ ಕೂರಿಸಿದ ಯೋಜನೆಯಿಂದ. ಈ ಯೋಜನೆಯನ್ನು ಒಪ್ಪಬೇಕೆ ಬೇಡವೆ ಎಂಬುದೇ ಮುಂದಿನ ವಿವಾದದ ಬೇರು.

ಇನ್ನು ನಮ್ಮ ವಾದ್ಯವೃಂದದ ವಿಷಯ. ನೀಲ್ ಹಾಲ್ಸ್ಟೆಡ್, ರೇಚಲ್ ಗೊಸ್ವೆಲ್ ಎಂಬ ಬಾಲ್ಯಸ್ನೇಹಿತರು ಲಂಡನ್ನಿನ ಪಶ್ಚಿಮಕ್ಕಿರುವ ರೆಡಿಂಗ್ ಪಟ್ಟಣದಲ್ಲಿ ೧೯೮೯ರಲ್ಲಿ ‘ಸ್ಲೋಡೈವ್’ ಕಟ್ಟಿದರು. ೧೯೯೦ರಲ್ಲಿ ಅವರ ಮೊದಲ ಧ್ವನಿಮುದ್ರಿಕೆಯನ್ನು ಅಲನ್ ಮೆಗೀ ನಡೆಸುತ್ತಿದ್ದ ‘ಕ್ರಿಯೇಷನ್’ ಸಂಸ್ಥೆ ಹೊರತಂದಾಗ ಇಬ್ಬರಿಗೂ ಇಪ್ಪತ್ತರ ಆಸುಪಾಸಿನ ವಯಸ್ಸು. ನಮ್ಮ ನಿಮ್ಮ ವಯಸ್ಸೇ. ವಾರಪತ್ರಿಕೆಗಳು ಅವರನ್ನು ಹೊಗಳಿ ಎತ್ತಿದುವು. ೧೯೯೧ರಲ್ಲಿ ಮೊದಲ ಆಲ್ಬಂ ‘ಜಸ್ಟ್ ಫಾರ್ ಎ ಡೇ’ ಬರುವಷ್ಟರಲ್ಲಿ ಎತ್ತಿದ ಕೈಗಳೇ ಇಳಿಸಲು ತೊಡಗಿದ್ದುವು. ಎರಡನೆಯದಕ್ಕಾಗಿ ಅವರು ಸಿದ್ಧಪಡಿಸಿದ ಸುಮಾರು ನಲವತ್ತು ಹಾಡುಗಳನ್ನು ಮೆಗೀ ತಳ್ಳಿಹಾಕಿದರು. ಅದೇ ಸಮಯದಲ್ಲಿ ಹಾಲ್ಸ್ಟೆಡ್, ಗೊಸ್ವೆಲ್ ಇವರ ಪ್ರೇಮಸಂಬಂಧವೂ ಮುರಿಯಿತು. ಹಾಲ್ಸ್ಟೆಡ್ ವೇಲ್ಸ್ ಪ್ರಾಂತದ ಒಂದು ಒಂಟಿಮನೆಗೆ ಹೋಗಿ ಹೊಸ ಹಾಡುಗಳನ್ನು ಬರೆದು ತಂದರು. ಹಿರಿಯ ಸಂಗೀತಗಾರ ಬ್ರಯನ್ ಈನೋ ಆಲ್ಬಮ್ಮಿನ ನಿರ್ಮಾಣದ ಹೊಣೆ ಹೊರಲು ಒಪ್ಪದಿದ್ದರೂ ‘ಸಿಂಗ್’ ಮತ್ತು ‘ಹಿಯರ್ ಶೀ ಕಮ್ಸ್’ ಎಂಬ ಎರಡು ಹಾಡುಗಳಿಗೆ ಕೈಜೋಡಿಸಿದರು. ಹೀಗೆ ಹತ್ತು ಹಾಡುಗಳ, ಸುಮಾರು ನಲವತ್ತು ನಿಮಿಷಗಳ ‘ಸುವ್ಲಾಕಿ’ ಸಿದ್ಧವಾಯಿತು. ಸುವ್ಲಾಕಿ ಎಂದರೆ ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸದ ಒಂದು ಗ್ರೀಕ್ ತಿನಿಸು. ಒಂದು ಹಾಸ್ಯದ ಧ್ವನಿಮುದ್ರಿಕೆಯಿಂದ ಈ ಹೆಸರನ್ನು ಎತ್ತಿಕೊಂಡರು. ಒಳಗಿನ ವಿಷಾದಕ್ಕೂ ಹೊರಗಿನ ಹೆಸರಿಗೂ ಸಂಬಂಧವಿಲ್ಲ.

೧೯೯೩ರಲ್ಲಿ ಅದು ಹೊರಬಂದಾಗ ಸಿಕ್ಕ ಸ್ವಾಗತವೆಂತಹುದು? ‘ಮೆಲೊಡಿ ಮೇಕರ್’ ವಾರಪತ್ರಿಕೆಯ ವಿಮರ್ಶಕನು, ‘ಸಿಂಗ್’ ಒಂದನ್ನು ಬಿಟ್ಟರೆ ಇದನ್ನು ಮತ್ತೊಮ್ಮೆ ಕೇಳುವುದಕ್ಕಿಂತ ಗಂಜಿ ತುಂಬಿದ ಸ್ನಾನದ ತೊಟ್ಟಿಯಲ್ಲಿ ಉಸಿರುಕಟ್ಟಿ ಮುಳುಗುವುದೇ ಮೇಲು ಎಂಬರ್ಥದ ಮಾತು ಬರೆದನು. ಇದಕ್ಕೂ ಮೊದಲೇ, ‘ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್’ ತಂಡದ ರಿಚೀ ಎಡ್ವರ್ಡ್ಸ್, ತಾವು ಹಿಟ್ಲರನಿಗಿಂತಲೂ ಸ್ಲೋಡೈವನ್ನು ದ್ವೇಷಿಸುವುದಾಗಿ ಸಾರಿದ್ದರು. ಆಲ್ಬಂ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಐವತ್ತರೊಳಗೂ ಬರಲಿಲ್ಲ. ಅಮೆರಿಕದಲ್ಲಿ ಅದು ಬಿಡುಗಡೆಯಾದುದು ೧೯೯೪ರಲ್ಲಿ. ೧೯೯೫ರಲ್ಲಿ ಮೂರನೆಯ ಆಲ್ಬಂ ‘ಪಿಗ್ಮೇಲಿಯನ್’ ಬಂದ ಕೆಲವೇ ದಿನಗಳಲ್ಲಿ ಕ್ರಿಯೇಷನ್ ಸಂಸ್ಥೆ ಅವರನ್ನು ಕೈಬಿಟ್ಟಿತು. ಇಪ್ಪತ್ತೈದು ತುಂಬುವ ಹೊತ್ತಿಗೆ ಆ ಯುವಕರ ವಾದ್ಯವೃಂದ ಮುಗಿದ ಕಥೆಯಾಗಿತ್ತು.

ಇಷ್ಟು ಕಟುವಾದ ತಿರಸ್ಕಾರಕ್ಕೆ ಕಾರಣವೇನು? ಬರಿಯ ಕೆಡುಕುತನವೆಂದರೆ ಅನ್ಯಾಯವಾದೀತು. ಆ ಕಾಲದ ಕೇಳುಗನಿಗೆ ತನ್ನದೇ ಆದ ಅಪೇಕ್ಷೆಯಿತ್ತು. ೧೯೯೧ರಲ್ಲಿ ಅಮೆರಿಕದಿಂದ ‘ನಿರ್ವಾಣ’ ತಂಡದ ‘ನೆವರ್‌ಮೈಂಡ್’ ಬಂದು, ಸಿಟ್ಟನ್ನು ಮುಚ್ಚುಮರೆಯಿಲ್ಲದೆ ಕೂಗುವ ಸಂಗೀತ ಎಲ್ಲೆಡೆ ಹಬ್ಬಿತ್ತು. ೧೯೯೩ರಲ್ಲಿ ಇಂಗ್ಲೆಂಡಿನಲ್ಲೇ ‘ಸ್ವೇಡ್’ ಮೊದಲಾದ ತಂಡಗಳು ತಮ್ಮ ನಾಡಿನ ಬೀದಿ, ಮನೆ, ಮಾತುಗಳನ್ನು ಸ್ಪಷ್ಟವಾಗಿ ಹಾಡತೊಡಗಿದ್ದುವು. ಇವುಗಳ ನಡುವೆ ಮಂಜಿನೊಳಗಿಂದ ಪಿಸುಗುಟ್ಟುವ ದನಿಗೆ ಹೇಳಲು ಏನೂ ಇಲ್ಲವೆಂದು ಅನೇಕರಿಗೆ ತೋರಿತು. ವರ್ಗಭಾವನೆಯೂ ಕೂಡಿತ್ತು. ರೆಡಿಂಗ್, ಆಕ್ಸ್‌ಫರ್ಡ್ ಕಡೆಯ ಈ ತಂಡಗಳನ್ನು ಕಷ್ಟವರಿಯದ ಮಧ್ಯಮವರ್ಗದ ಮಕ್ಕಳೆಂದೂ, ಒಬ್ಬರ ಕಚೇರಿಗೆ ಇನ್ನೊಬ್ಬರು ಹೋಗಿ ತಮ್ಮನ್ನು ತಾವೇ ಕೊಂಡಾಡಿಕೊಳ್ಳುವ ಗುಂಪೆಂದೂ ಪತ್ರಿಕೆಗಳು ಹಂಗಿಸುತ್ತಿದ್ದುವು. ಎಡ್ವರ್ಡ್ಸ್ ಬಂದುದು ದಕ್ಷಿಣ ವೇಲ್ಸಿನ ಬ್ಲಾಕ್‌ವುಡ್ಡಿನಿಂದ. ಅದು ಕಲ್ಲಿದ್ದಲ ಗಣಿಗಳ ಸೀಮೆ. ೧೯೮೪-೮೫ರ ಗಣಿಕಾರ್ಮಿಕರ ಮುಷ್ಕರ ಸೋತ ಮೇಲೆ ಗಣಿಗಳು ಮುಚ್ಚುತ್ತಿದ್ದುದನ್ನು ಕಂಡು ಬೆಳೆದವನಿಗೆ, ಮಾತೇ ಕೇಳಿಸದ ಹಾಡು ಅಪರಾಧದಂತೆ ತೋರಿದ್ದರೆ ಅದರಲ್ಲಿ ತೀರ ಆಶ್ಚರ್ಯಪಡುವಂತಹುದಿಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅಂಗಡಿಯಲ್ಲಿ ಮಾರಾಟವಾಗದ ಆಲ್ಬಂ, ಅಂತರ್ಜಾಲ ಬಂದ ಮೇಲೆ ಒಬ್ಬರಿಂದೊಬ್ಬರಿಗೆ ಹರಿದಾಡಿತು. ೧೯೯೩ರ ಪತ್ರಿಕೆಗಳನ್ನು ಓದಿರದ, ರೆಡಿಂಗ್ ಎಲ್ಲಿದೆಯೆಂದೂ ತಿಳಿಯದ ಕೇಳುಗರು ಅದನ್ನು ಹೆಡ್‌ಫೋನಿನಲ್ಲಿ ಒಂಟಿಯಾಗಿ ಕೇಳಿದರು. ೨೦೧೪ರಲ್ಲಿ ವಾದ್ಯವೃಂದ ಮತ್ತೆ ಕೂಡಿ ಬಾರ್ಸಿಲೋನಾದ ‘ಪ್ರಿಮವೆರಾ’ ಉತ್ಸವದಲ್ಲಿ ಹಾಡಿತು. ೨೦೧೬ರಲ್ಲಿ ಅಮೆರಿಕದ ‘ಪಿಚ್‌ಫೋರ್ಕ್’ ಪತ್ರಿಕೆ ಷೂಗೇಜ್ ಪ್ರಕಾರದ ಶ್ರೇಷ್ಠ ಆಲ್ಬಮ್ಮುಗಳನ್ನು ಪಟ್ಟಿಮಾಡಿದಾಗ ‘ಸುವ್ಲಾಕಿ’ಗೆ ಎರಡನೆಯ ಸ್ಥಾನ ಕೊಟ್ಟಿತು, ಮೊದಲನೆಯದು ‘ಮೈ ಬ್ಲಡಿ ವ್ಯಾಲೆಂಟೈನ್’ ತಂಡದ ೧೯೯೧ರ ‘ಲವ್‌ಲೆಸ್’. ೨೦೨೩ರಲ್ಲಿ ಸ್ಲೋಡೈವ್ ಹೊರತಂದ ‘ಎವೆರಿಥಿಂಗ್ ಈಸ್ ಅಲೈವ್’ ಬ್ರಿಟನ್ನಿನ ಪಟ್ಟಿಯ ಮೊದಲ ಹತ್ತರೊಳಗೆ ಸೇರಿತು. ಗೇಲಿ ಮಾಡಿದ ‘ಮೆಲೊಡಿ ಮೇಕರ್’ ಮಾತ್ರ ೨೦೦೦ದಲ್ಲೇ ಇನ್ನೊಂದು ಪತ್ರಿಕೆಯಲ್ಲಿ ಲೀನವಾಗಿ ಹೋಗಿತ್ತು.

ಹಾಗೆಂದು ಇಂದಿನ ಕೇಳುಗರೆಲ್ಲ ಒಮ್ಮತದವರೆಂದು ತಿಳಿಯಬಾರದು. ಆಕ್ಷೇಪಗಳು ಮುಖ್ಯವಾಗಿ ಮೂರು. ಒಂದನೆಯದು, ಮಾತು ಕೇಳಿಸುವುದಿಲ್ಲವೆಂಬುದು. ಸಾಹಿತ್ಯವೇ ಹಾಡಿನ ಜೀವವೆಂದು ನಂಬಿದವರಿಗೆ ಇದು ದೊಡ್ಡ ಕೊರತೆ. ಮೆಚ್ಚುವವರು ಇದಕ್ಕೆ ಕೊಡುವ ಉತ್ತರವೆಂದರೆ, ಮಾತು ಪೂರ್ತಿ ತಿಳಿಯದಿದ್ದಾಗ ಕೇಳುಗನು ತನ್ನ ದುಃಖವನ್ನೇ ಅಲ್ಲಿ ತುಂಬಿಕೊಳ್ಳಬಲ್ಲನು ಎಂಬುದು. ಎರಡನೆಯದು, ಎಲ್ಲ ಹಾಡುಗಳೂ ಒಂದೇ ಬಗೆ ಎಂಬ ದೂರು. ಇದು ಪರೀಕ್ಷೆಗೆ ನಿಲ್ಲದು. ‘ವೆನ್ ದಿ ಸನ್ ಹಿಟ್ಸ್’ ಮೆಲ್ಲನೆ ನಡೆದು ಒಮ್ಮೆಗೇ ಭೋರ್ಗರೆಯುತ್ತದೆ. ‘ಸುವ್ಲಾಕಿ ಸ್ಪೇಸ್ ಸ್ಟೇಷನ್’ ಹಾಡಿನಲ್ಲಿ ಜಮೈಕದ ‘ಡಬ್’ ಸಂಗೀತದ ಆಳವಾದ ಬಾಸ್ ಗಿಟಾರಿನ ನಡೆಯಿದೆ. ಕೊನೆಯ ‘ಡ್ಯಾಗರ್’ ಹಾಡಿನಲ್ಲಂತೂ ಮಂಜೆಲ್ಲ ಕಳೆದು ಸರಳ ಗಿಟಾರಿನೊಡನೆ ಕಂಠ ಬತ್ತಲೆಯಾಗಿ ನಿಲ್ಲುತ್ತದೆ. ಒಂದೇ ಬಗೆಯೆಂದು ಕೇಳಿಸುವುದು ಮೇಲ್ಮೈಯನ್ನಷ್ಟೇ ಕೇಳಿದಾಗ. ಮೂರನೆಯ ಆಕ್ಷೇಪ ಗಂಭೀರವಾದುದು: ಇದು ಲೋಕದಿಂದ ಓಡಿಹೋಗುವ ಸಂಗೀತ ಎಂಬುದು. ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಗಣಿ ಮುಚ್ಚಿದ ಊರಿನ ವಿಷಯ ಇದರಲ್ಲಿಲ್ಲ, ನಿಜ. ಆದರೆ ಪ್ರೀತಿ ಮುರಿದ ಇಬ್ಬರು ಒಂದೇ ಕೋಣೆಯಲ್ಲಿ ನಿಂತು, ಆ ಮುರಿದ ಪ್ರೀತಿಯ ಹಾಡುಗಳನ್ನೇ ಕೂಡಿ ಹಾಡಿದ್ದು ಲೋಕದಿಂದ ಓಡಿಹೋದಂತೆ ಆಯಿತೇ? ಅದೂ ಲೋಕದ ಒಂದು ಮೂಲೆಯೇ ತಾನೆ?

ನಮ್ಮ ಕಾವ್ಯಮೀಮಾಂಸಕರು ‘ಸಹೃದಯ’ ಎಂಬ ಶಬ್ದವನ್ನು ಬಳಸಿದರು. ಕೃತಿ ಪೂರ್ಣವಾಗುವುದು ಕವಿಯಲ್ಲಲ್ಲ, ಸಮಾನಹೃದಯನಾದ ರಸಿಕನಲ್ಲಿ ಎಂಬುದು ಅದರ ಇಂಗಿತ. ‘ಸುವ್ಲಾಕಿ’ಯ ಕಥೆ ಈ ಮಾತಿಗೆ ಒಂದು ಅಡಿಟಿಪ್ಪಣಿಯನ್ನು ಸೇರಿಸುತ್ತದೆ: ಸಹೃದಯನು ಬರುವುದು ತಡವಾಗಬಹುದು, ಬೇರೆ ದೇಶದಿಂದ ಬರಬಹುದು, ಕೃತಿ ಹುಟ್ಟಿದಾಗ ಇನ್ನೂ ಹುಟ್ಟಿರದವನೂ ಆಗಿರಬಹುದು. ಆದರೆ ತಡವಾಗಿ ಬಂದ ಮೆಚ್ಚುಗೆಯೇ ಗುಣಕ್ಕೆ ಪ್ರಮಾಣವಲ್ಲ. ತಿರಸ್ಕಾರಕ್ಕೆ ಒಂದು ಕಾಲದ ಗಾಳಿ ಇದ್ದಂತೆ ಹೊಗಳಿಕೆಗೂ ಇನ್ನೊಂದು ಕಾಲದ ಗಾಳಿ ಇರಬಲ್ಲದು. ಅಂದು ಎಲ್ಲರೂ ಬೈದರೆಂದು ಬೈಯುವುದೂ, ಇಂದು ಎಲ್ಲರೂ ಹೊಗಳಿದರೆಂದು ಹೊಗಳುವುದೂ ಕಿವಿಯ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿದಂತೆಯೇ.

ಹಾಗಾದರೆ ನ್ಯಾಯವಾದ ತೀರ್ಪು ಯಾವುದು? ನನಗೆ ತೋರುವಂತೆ, ತೀರ್ಪು ಕೊಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ಕೃತಿ ಮಾಡಹೊರಟಿರುವುದೇನು? ಅದನ್ನು ಅದು ಮಾಡಿದೆಯೆ? ಮಾಡಿದ್ದು ಮಾಡತಕ್ಕದ್ದಾಗಿತ್ತೆ? ೧೯೯೩ರ ವಿಮರ್ಶಕನು ಮೂರನೆಯ ಪ್ರಶ್ನೆಯಿಂದ ಆರಂಭಿಸಿ ಮೊದಲಿನ ಎರಡನ್ನು ಮರೆತನು. ಇಂದಿನ ಭಕ್ತನು ಮೊದಲಿನ ಎರಡರಲ್ಲೇ ನಿಂತು ಮೂರನೆಯದನ್ನು ಕೇಳುವುದೇ ಇಲ್ಲ. ಮೂರನ್ನೂ ಕೇಳಿಕೊಂಡವರು ಕೊನೆಗೆ ಮೆಚ್ಚಲಿ, ಬಿಡಲಿ, ಅವರ ಅಭಿಪ್ರಾಯಕ್ಕೆ ತೂಕವಿರುತ್ತದೆ. ಅಂತಹ ಇಬ್ಬರ ಭಿನ್ನಾಭಿಪ್ರಾಯದಿಂದ ಕೃತಿಯೂ ಬೆಳಗುತ್ತದೆ.

ಈ ಮಾತು ದೂರದ ಇಂಗ್ಲೆಂಡಿಗೆ ಮಾತ್ರ ಸಲ್ಲುವುದಲ್ಲ. ಈ ಸಂಚಿಕೆಯಲ್ಲೇ ನಮ್ಮ ಸಹಪಾಠಿಗಳ ಮೊದಲ ಕವನಗಳು, ಮೊದಲ ಕಥೆಗಳು ಅಚ್ಚಾಗಿವೆ. ಅವುಗಳ ಬಗೆಗೆ ಹಾಸ್ಟೆಲಿನಲ್ಲಿ, ಕ್ಯಾಂಟೀನಿನಲ್ಲಿ ತೀರ್ಪು ಹೊರಡುವುದು ಎಷ್ಟು ಹೊತ್ತಿನ ಕೆಲಸ! ಗಂಜಿಯ ತೊಟ್ಟಿಯಂತಹ ಒಂದು ಚಮತ್ಕಾರದ ಮಾತು ಆಡಿದವನಿಗೆ ಒಂದು ನಗೆ ದೊರೆಯುತ್ತದೆ. ಆಡಿಸಿಕೊಂಡವನು ಇಪ್ಪತ್ತು ವರ್ಷ ಲೇಖನಿ ಮುಟ್ಟದೆ ಹೋಗಬಹುದು. ಒಪ್ಪದಿರುವ ಹಕ್ಕು ನಮಗೆಲ್ಲರಿಗೂ ಇದೆ. ಪೂರ್ತಿ ಕೇಳಿ ಒಪ್ಪದಿರುವುದು ಮಾತ್ರ ನಮ್ಮ ಕರ್ತವ್ಯ.